ಕೆಂಡದವ್ವ ನಿಲ್ಲದ ಬಾಗಿಲು

ಆ ಊರಿನಲ್ಲಿ ಕಲ್ಲಿಗೆ ಕಲ್ಲು ಕುಟ್ಟಿದರೆ ಕಿಡಿ ಹಾರುತ್ತಿರಲಿಲ್ಲ. ಕೋಲಿಗೆ ಕೋಲು ಉಜ್ಜಿದರೆ ಅಂಗೈ ಬಿಸಿಯಾಗುತ್ತಿತ್ತೇ ಹೊರತು ಬೆಂಕಿ ಹುಟ್ಟುತ್ತಿರಲಿಲ್ಲ. ಬೆಂಕಿ ಬರುವುದಿದ್ದರೆ ಬೆಟ್ಟದಿಂದ ಬರಬೇಕು. ಬೆಟ್ಟದ ಮೇಲೆ ಒಡೆಯನ ಮನೆ. ಒಡೆಯನನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಅವನ ಮನೆಯ ಹೊಗೆಯನ್ನು ಕಾಣದವರೂ ಯಾರೂ ಇರಲಿಲ್ಲ.

ದಿನಾ ಬೆಳಿಗ್ಗೆ ಹೊತ್ತು ಮಾರುದ್ದ ಏರುವ ವೇಳೆಗೆ ಕೆಂಡದವ್ವ ಬೆಟ್ಟ ಇಳಿದು ಬರುತ್ತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮಣ್ಣಿನ ಅಗ್ಗಿಷ್ಟಿಕೆ, ಅದರೊಳಗೆ ಕೆಂಡ. ಊರಿನಲ್ಲಿ ಇದ್ದದ್ದು ನೂರು ಮನೆ. ಅವಳು ನಿಲ್ಲುತ್ತಿದ್ದದ್ದು ಹನ್ನೆರಡು ಬಾಗಿಲಿಗೆ. ನಿಂತ ಬಾಗಿಲಿಗೆ ಒಂದು ಕೆಂಡ. ಆ ಕೆಂಡವನ್ನು ಊರವರು ಕೃಪೆ ಎಂದು ಕರೆಯುತ್ತಿದ್ದರು. ಕೃಪೆ ಬಂದ ಒಲೆ ಅಂದು ಸಂಜೆಯವರೆಗೆ ಉರಿಯುತ್ತಿತ್ತು. ಹೊತ್ತು ಮುಳುಗಿದ ಮೇಲೆ ಎಷ್ಟು ಸೌದೆ ಒಟ್ಟಿದರೂ ನಿಲ್ಲದೆ ತಾನೇ ಆರುತ್ತಿತ್ತು. ನಾಳೆಯದು ನಾಳೆ ಬರಬೇಕು.

ಅವಳು ಬರುವಾಗ ಊರಿನವರೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಕೆಂಡ ಹೊತ್ತು ಬರುವವಳನ್ನು ನೋಡಬಾರದು, ಮಾತಾಡಿಸಬಾರದು. ಇನ್ನೊಂದು ಮಾತೂ ಇತ್ತು. ಅದನ್ನು ಮಕ್ಕಳು ಮಾತು ಕಲಿಯುವಾಗಲೇ ಕಲಿಯುತ್ತಿದ್ದರು: ಅನ್ನ ಕೊಟ್ಟರೆ ಪುಣ್ಯ, ಕೆಂಡ ಕೊಟ್ಟರೆ ಕಳ್ಳತನ. ಈ ಕಟ್ಟಲೆ ಯಾರು ಮಾಡಿದರೋ ಯಾರಿಗೂ ನೆನಪಿರಲಿಲ್ಲ. ಕಟ್ಟಲೆ ಮಾತ್ರ ಕೃಪೆ ಬರುವ ಬಿಸಿ ಮನೆಯವರಿಗೆ ಬಹಳ ಚೆನ್ನಾಗಿ ನೆನಪಿತ್ತು.

ಹೀಗಾಗಿ ಮಧ್ಯಾಹ್ನ ಹನ್ನೆರಡು ಮನೆಯ ಹಿತ್ತಿಲಲ್ಲಿ ಎಂಬತ್ತೆಂಟು ಮನೆಯವರು ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಬಿಸಿ ಮನೆಯವರು ಉಂಡು ಮಿಕ್ಕದ್ದನ್ನು ಕೊಡುತ್ತಿದ್ದರು. ಧಾರಾಳವಾಗಿಯೇ ಕೊಡುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಆದರೆ ಬೇರೆಯವರ ಒಲೆಯ ಅನ್ನ ಹೊಟ್ಟೆ ತುಂಬಿಸುತ್ತದೆ, ಮನೆ ಬೆಚ್ಚಗೆ ಮಾಡುವುದಿಲ್ಲ. ತಣ್ಣನೆ ಮನೆಯವರಿಗೆ ಮೊದಲು ಮಾತು ಕಡಿಮೆಯಾಗುತ್ತಿತ್ತು. ಆಮೇಲೆ ಬೆರಳು ಸೆಟೆದುಕೊಳ್ಳುತ್ತಿದ್ದವು. ಆಮೇಲೆ ಒಂದು ದಿನ ಅವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾಗೆ ಹಾಕಿಕೊಂಡ ಬಾಗಿಲು ಮತ್ತೆ ತೆರೆದದ್ದನ್ನು ಊರು ಒಮ್ಮೆಯೂ ಕಂಡಿರಲಿಲ್ಲ.

ಊರ ನಡುವಿನ ಚಾವಡಿಯಲ್ಲಿ ಇಬ್ಬರು ಪಂಡಿತರು ಎದುರುಬದುರು ಕೂರುತ್ತಿದ್ದರು. ಒಬ್ಬರು ಪಟ್ಟಿಯ ಪಂಡಿತರು. "ಊರಿಗೆ ಬುನಾದಿ ಬೀಳುವುದಕ್ಕೆ ಮುಂಚೆಯೇ ಒಡೆಯ ಪಟ್ಟಿ ಬರೆದಿಟ್ಟ. ಅದರಲ್ಲಿ ಇರುವುದು ಹನ್ನೆರಡು ಬಾಗಿಲು. ಯಾಕೆ ಇವೇ ಹನ್ನೆರಡು ಅಂತ ಕೇಳೋದಕ್ಕೆ ನಾವು ಯಾರು?" ಎನ್ನುತ್ತಿದ್ದರು. ಇನ್ನೊಬ್ಬರು ಸೌದೆಯ ಪಂಡಿತರು. "ಪಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ. ಸೌದೆ ಒಣಗಿಸಿಟ್ಟುಕೊಂಡ ಮನೆಗೆ ಕೃಪೆ ಬರುತ್ತದೆ. ಒಣಗಿಸೋದು ಬಿಡೋದು ಅವರವರ ಕೈಯಲ್ಲಿದೆ" ಎನ್ನುತ್ತಿದ್ದರು. ನಲವತ್ತು ವರ್ಷದಿಂದ ಈ ವಾದ ನಡೆದಿತ್ತು. ಇಬ್ಬರದೂ ಬಿಸಿ ಮನೆಯೇ. ಬಿಸಿ ಅನ್ನ ಉಂಡು, ಕೈ ತೊಳೆದುಕೊಂಡು ಬಂದೇ ಇಬ್ಬರೂ ವಾದಕ್ಕೆ ಕೂರುತ್ತಿದ್ದರು.

ಆ ಊರಿನ ಕುಂಬಾರನಿಗೆ ಅವಳಿ ಮಕ್ಕಳು. ಮೊದಲು ಹೆಣ್ಣು, ಅರೆಗಳಿಗೆ ತಡವಾಗಿ ಗಂಡು. ಕುಂಬಾರನದು ಬಿಸಿ ಮನೆ. ಅವನು ತೀರಿಕೊಂಡ ಮೇಲೆ ಮನೆಯ ನಡುವೆ ಒಂದು ಮಣ್ಣಿನ ಗೋಡೆ ಎದ್ದಿತು. ಅಕ್ಕನ ಬಾಗಿಲು ಮೂಡಲ ಬೀದಿಗೆ ಬಿತ್ತು, ತಮ್ಮನ ಬಾಗಿಲು ಪಡುವಲ ಬೀದಿಗೆ. ಮಾರನೆಯ ಬೆಳಿಗ್ಗೆ ಇಬ್ಬರೂ ಒಲೆ ಸಾರಿಸಿ, ಸೌದೆ ಜೋಡಿಸಿ, ಗೋಡೆಗೆ ಮುಖ ಮಾಡಿ ನಿಂತರು. ಕೆಂಡದವ್ವ ಮೂಡಲ ಬಾಗಿಲಲ್ಲಿ ನಿಂತಳು. ಪಡುವಲ ಬಾಗಿಲಲ್ಲಿ ನಿಲ್ಲಲಿಲ್ಲ.

ಚಾವಡಿಗೆ ಅಂದು ಹಬ್ಬ. "ನೋಡಿದಿರಾ," ಎಂದರು ಪಟ್ಟಿಯ ಪಂಡಿತರು, "ಒಂದೇ ಬಸಿರು, ಒಂದೇ ಸೂರು. ಒಬ್ಬಳು ಬೇಕು, ಒಬ್ಬ ಬೇಡ. ಇದಕ್ಕಿಂತ ಸಾಕ್ಷಿ ಬೇಕೇ?" ಸೌದೆಯ ಪಂಡಿತರು ತಮ್ಮನ ಹಿತ್ತಿಲಿಗೇ ಹೋಗಿ ಸೌದೆ ಮುಟ್ಟಿ ನೋಡಿದರು. ಅಕ್ಕನದಕ್ಕಿಂತ ಅದೇ ಚೆನ್ನಾಗಿ ಒಣಗಿತ್ತು. ಅವರು ಗಂಟಲು ಸರಿ ಮಾಡಿಕೊಂಡು, "ಒಳಗೆ ಹಸಿ ಇರಬೇಕು" ಎಂದು ಹೇಳಿ ವಾಪಸು ಬಂದರು.

ಅಕ್ಕ ಒಂದು ತಿಂಗಳು ಅಡುಗೆ ಮಾಡಿದಳು. ಮಡಕೆಯನ್ನೂ ಸುಟ್ಟಳು. ಗೋಡೆಯ ಆಚೆ ತಮ್ಮ ದಿನಾ ಬೆಳಿಗ್ಗೆ ಒಲೆ ಸಾರಿಸುವ ಸದ್ದು ಕೇಳುತ್ತಿತ್ತು. ಸಾರಿಸಿ ಸುಮ್ಮನೆ ಕೂತಿರುವುದೂ ಕೇಳುತ್ತಿತ್ತು. ಒಂದು ಬೆಳಿಗ್ಗೆ ಕೆಂಡದವ್ವ ಕೆಂಡ ಇಟ್ಟು ಬೆನ್ನು ತಿರುಗಿಸಿದ ಕೂಡಲೇ ಅಕ್ಕ ಒಂದು ಚೊಂಬು ನೀರು ಅದರ ಮೇಲೆ ಹೊಯ್ದಳು. ಚುಂಯ್ ಎಂದಿತು. ಕೆಂಡ ಕಪ್ಪಾಯಿತು.

ಗೋಡೆಯ ಆಚೆಯಿಂದ ತಮ್ಮ ಕೇಳಿದ: "ಅಕ್ಕಾ, ಏನದು ಸದ್ದು?"

"ನಿನಗಿಲ್ಲದ್ದು ನನಗೂ ಬೇಡ ಕಣೋ."

"ನನ್ನ ದೆಸೆಯಿಂದ ನೀನ್ಯಾಕೆ ತಣ್ಣಗೆ ಕೂತ್ಕೋತೀಯ?"

"ಒಟ್ಟಿಗೆ ಹುಟ್ಟಿದೀವಿ. ಒಟ್ಟಿಗೆ ತಣ್ಣಗಿರೋಣ."

ಅಂದಿನಿಂದ ಕೆಂಡದವ್ವ ದಿನಾ ಬಂದಳು. ಅಕ್ಕ ದಿನಾ ನೀರು ಹೊಯ್ದಳು. ಅವಳು ಬಂದಳು, ಇವಳು ಹೊಯ್ದಳು. ಮಳೆ ಬಂದಾಗಲೂ ಬಂದಳು, ಮಂಜು ಬಿದ್ದಾಗಲೂ ಬಂದಳು. ಇವಳ ಚೊಂಬೂ ಒಂದು ದಿನ ತಪ್ಪಲಿಲ್ಲ. ಹೀಗೆ ಏಳು ವರ್ಷ. ಅಕ್ಕ ತಿಗರಿ ತಿರುಗಿಸುವುದನ್ನು ಬಿಡಲಿಲ್ಲ, ಆದರೆ ಸುಡುವ ಬೆಂಕಿ ಇಲ್ಲದೆ ಅವಳ ಮಡಕೆಗಳು ಅಂಗಳದಲ್ಲಿ ಹಸಿಯಾಗಿಯೇ ಸಾಲುಗಟ್ಟಿ ನಿಂತವು. ಮಳೆಗೆ ಕರಗಿ ಮಣ್ಣಾಗುತ್ತಿದ್ದವು. ಅವಳು ಆ ಮಣ್ಣನ್ನೇ ತುಳಿದು ಮತ್ತೆ ಮಡಕೆ ಮಾಡುತ್ತಿದ್ದಳು.

ಪಂಡಿತರಿಬ್ಬರಿಗೂ ಅವಳು ದೇವರು ಕೊಟ್ಟ ಉದಾಹರಣೆಯಾದಳು. "ಹೊಯ್ಯಲಿ, ಎಷ್ಟು ದಿನ ಹೊಯ್ದಾಳು? ಪಟ್ಟಿಯಲ್ಲಿದ್ದವಳ ಒಲೆ ಉರಿದೇ ತೀರುತ್ತದೆ" ಎಂದರು ಒಬ್ಬರು. "ಚೊಂಬು ಇರೋದು ಅವಳ ಕೈಯಲ್ಲಿ. ಒಡೆಯ ಏನು ಮಾಡಿಯಾನು?" ಎಂದರು ಇನ್ನೊಬ್ಬರು. ಅವಳ ಮನೆಗೆ ಬಂದು "ಏನಮ್ಮ ನಿನ್ನ ಸಂಕಟ?" ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ತಮ್ಮ ಮಡಕೆಯ ಕೆಲಸ ಬಿಟ್ಟು ಚಾಪೆ ಹೆಣೆಯುವುದನ್ನು ಕಲಿತ. ಚಾಪೆಗೆ ಬೆಂಕಿ ಬೇಡ. ಮೂರನೆಯ ವರ್ಷ ಒಲೆ ಸಾರಿಸುವ ಸದ್ದು ನಿಂತಿತು. ಐದನೆಯ ವರ್ಷ ಅವನು ಒಲೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ. ಗೋಡೆಯ ಮಾತೂ ನಿಂತಿತು. ಏಳನೆಯ ವರ್ಷ ಅವನ ಬೆರಳು ಸೆಟೆದುಕೊಂಡವು, ಚಾಪೆ ಅರ್ಧಕ್ಕೆ ನಿಂತಿತು. ಒಂದು ಸಂಜೆ ಅವನು ಪಡುವಲ ಬಾಗಿಲು ಹಾಕಿಕೊಂಡ.

ಅಕ್ಕ ಆ ಅಗುಳಿ ಬಿದ್ದ ಸದ್ದನ್ನು ಗೋಡೆಗೆ ಕಿವಿಯಿಟ್ಟು ಕೇಳಿದಳು. ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಒಡೆಯನ ಮೇಲೆ.

ಮಾರನೆಯ ಬೆಳಿಗ್ಗೆ ಊರೆಲ್ಲ ಗೋಡೆಗೆ ಮುಖ ಮಾಡಿದಾಗ ಅವಳೊಬ್ಬಳು ಬೀದಿಗೆ ಮುಖ ಮಾಡಿ ನಿಂತಳು. ಕೆಂಡದವ್ವ ಬಂದಳು. ಊರಿನಲ್ಲಿ ಯಾರೂ ನೋಡಿರದ ಆ ಮುಖ ಬೆಂಕಿಯ ಮುಂದೆ ಬಹಳ ಕಾಲ ಅಡುಗೆ ಮಾಡಿದ ಯಾವುದೋ ಅಜ್ಜಿಯ ಮುಖದ ಹಾಗೆ ಇತ್ತು. ಅವಳು ಅಗ್ಗಿಷ್ಟಿಕೆ ಇಳಿಸಿ, ಚಿಮಟದಲ್ಲಿ ಒಂದು ಕೆಂಡ ಹಿಡಿದು ಒಲೆಗೆ ಇಟ್ಟಳು. ಅಕ್ಕ ಚೊಂಬು ಎತ್ತಿದಳು.

"ಹುಯ್ಯಿ ಮಗ," ಎಂದಳು ಕೆಂಡದವ್ವ. "ನಾಳೆನೂ ಬರ್ತೀನಿ."

ಅಕ್ಕನ ಕೈ ನಿಂತಿತು. "ಏಳು ವರ್ಷದಿಂದ ನೀರು ಹುಯ್ತಿದೀನಿ ಅವ್ವ. ನಿಂಗೆ ಬೇಜಾರಾಗಲ್ವಾ?"

"ಆಗುತ್ತೆ."

"ಮತ್ಯಾಕೆ ಬರ್ತೀಯ?"

"ಇದು ನಿನ್ನ ಪಾಲು. ನೀನು ಹುಯ್ದ್ರೂ ನಿನ್ನದೇ, ಉರಿಸಿದ್ರೂ ನಿನ್ನದೇ. ಇದನ್ನ ಬೇರೆ ಬಾಗಿಲಿಗೆ ಒಯ್ಯಿ ಅಂತ ಒಡೆಯ ನಂಗೆ ಹೇಳಿಲ್ಲ."

ಅಕ್ಕನಿಗೆ ತಡೆಯಲಾಗಲಿಲ್ಲ. "ಆ ಒಡೆಯನ್ನ ಒಂದು ಮಾತು ಕೇಳು. ಗೋಡೆ ಆಚೆ ನನ್ನ ತಮ್ಮ ಇದಾನೆ. ನಿನ್ನೆ ಬಾಗಿಲು ಹಾಕ್ಕೊಂಡ. ನನ್ನ ಮನೆಗೆ ಬರೋಳು ಅವನ ಬಾಗಿಲಿಗೆ ಒಂದು ದಿನಾನೂ ಯಾಕೆ ಹೋಗಲಿಲ್ಲ? ಅವನೇನು ಪಾಪ ಮಾಡಿದ್ದ?"

ಕೆಂಡದವ್ವ ಅವಳನ್ನು ನೋಡಿದಳು. ನಿಜವಾಗಿಯೂ ಅರ್ಥವಾಗದವರು ನೋಡುವ ಹಾಗೆ ನೋಡಿದಳು.

"ಅವನ ಬಾಗಿಲಿಗೆ ನಾನ್ಯಾಕೆ ಹೋಗಲಿ ಮಗ? ಅಲ್ಲಿಗೆ ನೀನಿದೀಯಲ್ಲ."

ಅಕ್ಕನ ಕೈಯಿಂದ ಚೊಂಬು ಜಾರಿತು, ನೀರು ಅಂಗಳದ ಮಣ್ಣಿಗೆ ಹರಿದುಹೋಯಿತು.

"ನೂರು ಮನೆಗೆ ನಾನೊಬ್ಬಳೇ ಹೇಗೆ ಹಂಚಲಿ?" ಎಂದಳು ಕೆಂಡದವ್ವ, ಸಿಂಬಿ ಸರಿ ಮಾಡಿಕೊಳ್ಳುತ್ತಾ. "ಹನ್ನೆರಡು ಮನೇಲಿ ಇಟ್ಟರೆ ಹನ್ನೆರಡು ಮನೆಯವರು ಅಕ್ಕಪಕ್ಕಕ್ಕೆ ಕೊಡ್ತಾರೆ ಅಂತ ಒಡೆಯ ಲೆಕ್ಕ ಹಾಕಿದಾನೆ. ಕೊಡ್ತಿಲ್ವಾ ನೀವು?"

"ನಮಗೆ ಯಾರೂ ಹೇಳಲಿಲ್ಲ."

"ಯಾರು ಕೇಳಿದ್ರು? ಬಂದಾಗೆಲ್ಲ ಬರೀ ಬೆನ್ನು ತೋರಿಸ್ತೀರಿ." ಅವಳು ಅಗ್ಗಿಷ್ಟಿಕೆ ಹೊತ್ತು ಮುಂದಿನ ಬಾಗಿಲಿಗೆ ನಡೆದಳು.

ಅಕ್ಕ ಒಲೆಯ ಮುಂದೆ ಕುಸಿದಳು. ತಮ್ಮನ ಮೇಲಿನ ಪ್ರೀತಿಗೆ ತಾನು ಏಳು ವರ್ಷ ಬೆಂಕಿ ಆರಿಸಿದ್ದಳು. ಆರಿಸಿದ್ದು ತಮ್ಮನ ಬೆಂಕಿಯನ್ನೇ. ಎರಡು ಸಾವಿರದ ಐನೂರು ಬೆಳಿಗ್ಗೆ, ಎರಡು ಸಾವಿರದ ಐನೂರು ಚೊಂಬು. ಅಷ್ಟು ನಾಚಿಕೆ ಅವಳು ಜೀವಮಾನದಲ್ಲಿ ಪಟ್ಟಿರಲಿಲ್ಲ. ಆ ನಾಚಿಕೆಯಲ್ಲೇ ಇನ್ನೊಂದು ಚೊಂಬು ನೀರು ತರಬಹುದಿತ್ತು. ಮನುಷ್ಯರು ಹಾಗೂ ಮಾಡುತ್ತಾರೆ. ಅವಳು ಎದ್ದಳು.

ಕೆಂಡ ಇಡಲು ಸುಟ್ಟ ಮಡಕೆಯ ಒಂದು ಚೂರೂ ಅವಳ ಮನೆಯಲ್ಲಿರಲಿಲ್ಲ. ಅಂಗಳದಿಂದ ಒಂದು ಹಸಿ ತಟ್ಟೆ ತಂದು ಅದರ ಮೇಲೆ ಕೆಂಡ ಇಟ್ಟುಕೊಂಡಳು. ಮೂಡಲ ಬೀದಿಯಿಂದ ಪಡುವಲ ಬೀದಿಗೆ ಹೋಗಬೇಕಾದರೆ ಚಾವಡಿ ದಾಟಬೇಕು. ಹಾಡುಹಗಲೇ, ಎಲ್ಲರ ಕಣ್ಣ ಮುಂದೆ, ಅವಳು ಕೆಂಡ ಹಿಡಿದು ಹೊರಟಳು.

"ಕಳ್ಳಿ," ಎಂದಿತು ಒಂದು ಬಾಗಿಲು. "ಕಳ್ಳಿ, ಕಳ್ಳಿ," ಎಂದವು ಉಳಿದ ಬಾಗಿಲುಗಳು.

ಪಟ್ಟಿಯ ಪಂಡಿತರು ಚಾವಡಿಯಿಂದ ಇಳಿದು ಅಡ್ಡ ನಿಂತರು. "ಏನಮ್ಮ ಇದು? ಒಡೆಯನ ಆಯ್ಕೆಯನ್ನ ತಿದ್ದೋಕೆ ಹೊರಟೆಯಾ? ಪಟ್ಟಿಯಲ್ಲಿ ಇಲ್ಲದವನ ಹೊಸಿಲಲ್ಲಿ ಆ ಕೆಂಡ ಆರಿಹೋಗುತ್ತದೆ."

"ಆರಿದ್ರೆ ಆರಲಿ ಸ್ವಾಮಿ. ದಾರಿ ಬಿಡಿ."

ಸೌದೆಯ ಪಂಡಿತರು ಪಕ್ಕದಿಂದ ಹೇಳಿದರು: "ಅವನು ಕೇಳಿದನೇ? ಕೇಳದವನಿಗೆ ಕೊಡೋದು ತಪ್ಪು. ಮೊದಲು ಅವನು ಬಾಗಿಲು ತೆಗೆಯಲಿ."

ಅವರ ಹಿಂದೆ ತಟ್ಟೆ ಹಿಡಿದು ನಿಂತಿದ್ದ ತಣ್ಣನೆ ಮನೆಯ ಒಬ್ಬ ಮುದುಕಿ ನಿಧಾನವಾಗಿ ಹೇಳಿದಳು: "ದೇವರು ವರ ಕೊಟ್ಟರೂ ಪೂಜಾರಿ ಕೊಡ. ಬಿಡ್ರಪ್ಪ, ಹೋಗಲಿ." ಆಡಿ ಎಷ್ಟೋ ದಿನವಾಗಿತ್ತೇನೋ, ಅವಳ ದನಿ ತುಕ್ಕು ಹಿಡಿದಿತ್ತು. ಪಂಡಿತರು ಯಾಕೋ ಪಕ್ಕಕ್ಕೆ ಸರಿದರು. ಸರಿದು, ಏನಾಗುತ್ತದೋ ನೋಡಲು ಅವಳ ಹಿಂದೆಯೇ ಹೊರಟರು. ಊರೆಲ್ಲ ಹೊರಟಿತು.

ಪಡುವಲ ಬಾಗಿಲು ಮುಚ್ಚಿತ್ತು. ಅಕ್ಕ ಹೊಸಿಲ ಮುಂದೆ ನಿಂತಳು.

"ತಮ್ಮಾ, ಬಾಗಿಲು ತೆಗಿ. ನಿನ್ನ ಕೆಂಡ ತಂದಿದೀನಿ."

ಒಳಗಿನಿಂದ ದನಿ ಬಂತು. "ನನ್ನದಲ್ಲ ಅದು. ನಿನ್ನದು."

"ನಿನ್ನ ಪಾಲೂ ಇದರಲ್ಲೇ ಇತ್ತಂತೆ ಕಣೋ. ನಾನು ಕೊಡಬೇಕಾಗಿತ್ತು. ನಂಗೆ ಗೊತ್ತಿರಲಿಲ್ಲ. ಏಳು ವರ್ಷ ನೀರು ಹುಯ್ದೆ. ತಪ್ಪಾಯ್ತು."

"ಬರಬೇಕಾಗಿದ್ದೋಳು ಅವಳು. ನೀನಲ್ಲ. ನಾನು ಬೇಕು ಅಂತಿದ್ದಿದ್ರೆ ಅವನು ಅವಳನ್ನ ಕಳಿಸ್ತಿದ್ದ."

"ನನ್ನ ಕಳಿಸಿದಾನೆ."

"ಹೋಗಕ್ಕ." ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬೇಡದವನಾಗಿ ಇರೋದು ಹೇಗೆ ಅಂತ ಕಲಿತುಬಿಟ್ಟಿದೀನಿ. ಅದನ್ನೂ ಕಿತ್ಕೋಬೇಡ."

ಬಾಗಿಲು ಹಳೆಯದು, ಅಗುಳಿ ಸಡಿಲ. ನಾಲ್ಕು ಜನ ಭುಜ ಕೊಟ್ಟರೆ ಬೀಳುತ್ತಿತ್ತು. ಗುಂಪಿನಲ್ಲಿ ಯಾರೋ ಹಾಗೆ ಹೇಳಿದರು ಕೂಡ. ಅಕ್ಕ ತಲೆ ಅಲ್ಲಾಡಿಸಿದಳು. "ಏಳು ವರ್ಷ ನಾನು ಬೇಡ ಅಂದಾಗ ನನ್ನ ಬಾಗಿಲನ್ನ ಯಾರೂ ಮುರೀಲಿಲ್ಲ," ಎಂದಳು. ಅವಳು ಅಲ್ಲೇ ನಿಂತಳು. ಕೆಂಡಕ್ಕೆ ಬೂದಿ ಕಟ್ಟಿದರೆ ಊದಿದಳು. ಅದು ಕೆಂಪಾಯಿತು. ಮತ್ತೆ ಬೂದಿ ಕಟ್ಟಿತು, ಮತ್ತೆ ಊದಿದಳು. ಹೊತ್ತು ನೆತ್ತಿಗೆ ಬಂತು.

ಹಸಿ ತಟ್ಟೆ ಎಷ್ಟು ಹೊತ್ತು ತಾಳೀತು? ಟಪ್ ಎಂದು ಎರಡು ಹೋಳಾಗಿ ನೆಲಕ್ಕೆ ಬಿತ್ತು. ಕೆಂಡ ಅವಳ ಅಂಗೈಗೆ ಬಿತ್ತು.

ಅವಳು ಕೈ ಕೊಡವಲಿಲ್ಲ. ಇನ್ನೊಂದು ಕೈಯನ್ನೂ ಸೇರಿಸಿ ಬೊಗಸೆ ಮಾಡಿದಳು. ಮುಖ ಬಿಳಿಚಿತು, ತುಟಿಯಿಂದ ಸದ್ದು ಬರಲಿಲ್ಲ. ನೂರು ಮನೆಯವರ ಉಸಿರು ನಿಂತಿತು. ಚರ್ಮ ಸುಡುವ ವಾಸನೆ ಬಾಗಿಲ ಸಂದಿಯಿಂದ ಒಳಗೆ ಹೋಯಿತು.

ಒಳಗಿದ್ದವನಿಗೆ ಜನ ಇದ್ದಕ್ಕಿದ್ದಂತೆ ಸುಮ್ಮನಾದದ್ದು ಕೇಳಿಸಿತು. ಆಮೇಲೆ ಆ ವಾಸನೆ ಬಂತು. ಅವನಿಗೆ ತಿಳಿಯಿತು. ಅಗುಳಿ ತೆಗೆಯಲು ಸೆಟೆದ ಬೆರಳು ಮಡಚಲಿಲ್ಲ. ಮೊಣಕೈಯಿಂದ ನೂಕಿದ, ಹಲ್ಲಿನಿಂದ ಎಳೆದ. ಯಾರೂ ಅವನನ್ನು ಒತ್ತಾಯ ಮಾಡಲಿಲ್ಲ. ಅವನೇ ಬಂದ. ಬರದೆ ಇರಲು ಅವನಿಂದ ಆಗಲೂ ಇಲ್ಲ. ಇವೆರಡೂ ಒಂದೇ ಗಳಿಗೆಯಲ್ಲಿ ಹೇಗೆ ನಿಜವಾದವು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಬಾಗಿಲು ತೆರೆದದ್ದು ಮಾತ್ರ ಊರೆಲ್ಲ ಕಂಡಿದೆ.

"ಕೊಡು," ಎಂದ. "ಕೊಡಕ್ಕ, ಕೈ ಬಿಡು, ನಂಗೆ ಕೊಡು."

ಅವನ ಎರಡು ಅಂಗೈಗೆ ಕೆಂಡ ಬಿತ್ತು. ಏಳು ವರ್ಷ ತಣ್ಣಗಿದ್ದ ಬೆರಳುಗಳು ನೋವಿಗೆ ಮಡಚಿಕೊಂಡವು, ಮಡಚಿಕೊಂಡವು, ಬಿಚ್ಚಿಕೊಂಡವು. ಅವನು ಓಡಿಹೋಗಿ ಹಿಮ್ಮಡಿಯಿಂದ ಒಲೆಗೆ ಒದ್ದ. ಮೆತ್ತಿದ್ದ ಮಣ್ಣು ಉದುರಿತು. ಒಳಗೆ ಮೊದಲ ದಿನ ಜೋಡಿಸಿದ್ದ ಸೌದೆ ಹಾಗೆಯೇ ಇತ್ತು, ಏಳು ವರ್ಷ ಒಣಗಿತ್ತು. ಕೆಂಡ ತಗುಲಿದ್ದೇ ತಡ, ಭಗ್ಗೆಂದು ಹತ್ತಿಕೊಂಡಿತು.

ಪಡುವಲ ಮನೆಯ ಸೂರಿನಿಂದ ಹೊಗೆ ಎದ್ದಿತು. ಹಸಿರು ಬೆಟ್ಟದ ಎದುರು ನೆಟ್ಟಗೆ ಎದ್ದಿತು. ಅಕ್ಕ ಹೊಸಿಲ ಮೇಲೆ ಕೂತು, ಬೆಂದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಟ್ಟಿಯಾಗಿ ನಕ್ಕಳು. ಏಳು ವರ್ಷದ ನಗು ಒಟ್ಟಿಗೆ ಬಂತು.

"ಹಾಗಾದರೆ ಇವನ ಹೆಸರೂ ಪಟ್ಟಿಯಲ್ಲಿತ್ತು," ಎಂದರು ಪಟ್ಟಿಯ ಪಂಡಿತರು.

"ಸೌದೆ ನೋಡಿ, ಎಷ್ಟು ಒಣಗಿದೆ," ಎಂದರು ಸೌದೆಯ ಪಂಡಿತರು.

ಅವರ ಮಾತು ಕೇಳಲು ಯಾರೂ ನಿಂತಿರಲಿಲ್ಲ. ದನಿ ತುಕ್ಕು ಹಿಡಿದ ಮುದುಕಿ ತನ್ನ ತಟ್ಟೆಯ ಅನ್ನವನ್ನು ನಾಯಿಗೆ ಹಾಕಿ, ಬರಿದಾದ ತಟ್ಟೆಯನ್ನು ತಮ್ಮನ ಮುಂದೆ ಹಿಡಿದಳು. "ನಂಗೊಂದು ಕೆಂಡ ಹಾಕಪ್ಪ," ಎಂದಳು. ಅವನು ಹಾಕಿದ. ಅವಳು ಅದನ್ನು ಸೆರಗಿನ ಮರೆಯಲ್ಲಿ ಹಿಡಿದು ಮನೆಗೆ ನಡೆದಳು. ಅವಳ ಹಿಂದೆ ಮತ್ತೊಬ್ಬರು ಬಂದರು, ಅವರ ಹಿಂದೆ ಹತ್ತು ಜನ. ತಟ್ಟೆ ತಂದರು, ಹೆಂಚು ತಂದರು, ಸಲಿಕೆ ತಂದರು. ಒಂದು ಒಲೆಯಿಂದ ಮೂರು, ಮೂರರಿಂದ ಒಂಬತ್ತು. ಎಷ್ಟೋ ವರ್ಷದಿಂದ ಮುಚ್ಚಿದ್ದ ಬಾಗಿಲುಗಳ ಮುಂದೆ ಜನ ಕೆಂಡ ಹಿಡಿದು ನಿಂತರು, ಹೆಸರು ಹಿಡಿದು ಕರೆದರು. ಬಾಗಿಲುಗಳು ತೆರೆದವು. ಕೆಲವು ಬೇಗ ತೆರೆದವು, ಕೆಲವಕ್ಕೆ ಹೊತ್ತು ಹಿಡಿಯಿತು. ಜನ ಕಾದರು. ಬಿಸಿ ಮನೆಗಳ ಹೆಂಗಸರು ಮೊದಲು ಮೂಗು ಮುರಿದರು. ಆಮೇಲೆ ಒಬ್ಬಳು ನಾಚುತ್ತಲೇ ಪಕ್ಕದ ಮನೆಗೆ ಸಲಿಕೆಯಲ್ಲಿ ಕೆಂಡ ಒಯ್ದಳು, ಒಯ್ದು ಬರುವಾಗ ಹಾಡಿಕೊಂಡು ಬಂದಳು. ಹೊತ್ತು ಇಳಿಯುವ ಹೊತ್ತಿಗೆ ತೊಂಬತ್ತೊಂಬತ್ತು ಮನೆಗಳಲ್ಲಿ ಹೊಗೆ ಏಳುತ್ತಿತ್ತು. ಅಷ್ಟು ಅನ್ನ ಒಟ್ಟಿಗೆ ಬೇಯುವ ವಾಸನೆ ಆ ಊರು ಎಂದೂ ಕಂಡಿರಲಿಲ್ಲ.

ಹೊಗೆ ಇಲ್ಲದೆ ಉಳಿದದ್ದು ಪಟ್ಟಿಯ ಪಂಡಿತರ ಮನೆ. ಬೆಳಿಗ್ಗೆ ಬಂದ ಕೆಂಡಕ್ಕೆ ಸೌದೆ ಹಾಕುವವರಿಲ್ಲದೆ, ಅವರು ಬೀದಿಯಲ್ಲಿ ನಿಂತು ವಾದ ಮಾಡುತ್ತಿದ್ದಾಗಲೇ ಅದು ಆರಿಹೋಗಿತ್ತು. ಅವರು ತಣ್ಣನೆಯ ಒಲೆಯ ಮುಂದೆ ಬಹಳ ಹೊತ್ತು ಕೂತರು. ಆ ಚಳಿ ಅವರಿಗೆ ಹೊಸದು. ನಾಳೆ ಬೆಳಿಗ್ಗೆ ಕೆಂಡದವ್ವ ಬಂದೇ ಬರುತ್ತಾಳೆ, ಅಲ್ಲಿಯವರೆಗೆ ಹೀಗೇ ಇದ್ದುಬಿಡೋಣ ಎಂದುಕೊಂಡರು. ಆಮೇಲೆ, ಹೊತ್ತು ಮುಳುಗಲು ಇನ್ನೂ ಒಂದು ಗಳಿಗೆ ಇರುವಾಗ, ಶಾಲು ಹೊದ್ದು, ಅದರ ಕೆಳಗೆ ಒಂದು ಹೆಂಚು ಮುಚ್ಚಿಟ್ಟುಕೊಂಡು, ಪಡುವಲ ಬೀದಿಗೆ ಬಂದರು.

ತಮ್ಮನ ಬಾಗಿಲು ತೆರೆದೇ ಇತ್ತು. ಒಳಗೆ ಒಲೆಯ ಪಕ್ಕ ಅಕ್ಕ ಕೂತಿದ್ದಳು. ತಮ್ಮ ಅವಳ ಕೈಗೆ ಲೋಳೆಸರ ಹಚ್ಚುತ್ತಿದ್ದ. ಪಂಡಿತರು ಹೊಸಿಲ ಹೊರಗೇ ನಿಂತರು. ನಲವತ್ತು ವರ್ಷ ಎಡವದೆ ಮಾತಾಡಿದ ನಾಲಿಗೆ ಅಂದು ಎಡವಿತು.

"ನಿನ್ನನ್ನ ಬೇಡದವನು ಅಂತ ಊರಿಗೆಲ್ಲ ಹೇಳಿದವನು ನಾನು," ಎಂದರು. "ಯಾವ ಮುಖ ಇಟ್ಕೊಂಡು ಕೇಳಲಿ, ಅದೂ ಗೊತ್ತಿಲ್ಲ."

ತಮ್ಮ ಎದ್ದ. ಒಲೆಯ ಮೂಲೆಯಲ್ಲಿ ಬೂದಿಯ ಕೆಳಗೆ ಬೇರೆಯಾಗಿ ಮುಚ್ಚಿಟ್ಟಿದ್ದ ಒಂದು ಕೆಂಡವನ್ನು ಬೆದಕಿ ತೆಗೆದ. ಅದು ಊರಿನಲ್ಲಿ ಅಂದು ಉಳಿದಿದ್ದ ಎಲ್ಲ ಕೆಂಡಗಳಿಗಿಂತ ದೊಡ್ಡದಿತ್ತು. ಅದನ್ನು ತಂದು, ಪಂಡಿತರ ಶಾಲು ಸರಿಸಿ, ಅವರ ಹೆಂಚಿನ ಮೇಲೆ ಇಟ್ಟ.

"ಇದು ನಿಮ್ಮದು ಸ್ವಾಮಿ," ಎಂದ. "ನೀವು ಮನೆ ಬಿಡೋದಕ್ಕೆ ಮುಂಚೆನೇ ತೆಗೆದಿಟ್ಟಿದ್ದೆ."